ಬೆಂಗಳೂರು-70 ಎಂದರೆ ಎಲ್ಲಿ? ವಿಳಾಸದ ಪಟ್ಟಿಯಿಂದ ನಕ್ಷೆಯ ಬಿಂದುವಿನವರೆಗೆ

(ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತಿನ ಬರಹ ರೂಪ)

ಮೊದಲು ಒಂದು ವಿಳಾಸ ಓದುತ್ತೇನೆ, ಕೇಳಿಸಿಕೊಳ್ಳಿ. "ನಂ. 127/1, ಮಹಡಿ ಮನೆ, 3ನೇ ಕ್ರಾಸ್, 7ನೇ ಮೇನ್, ಗಣೇಶನ ಗುಡಿ ಹಿಂದೆ, ಬನಶಂಕರಿ 2ನೇ ಹಂತ, ಬೆಂಗಳೂರು-70." ಇದು ಯಾರ ಮನೆಯದೂ ಅಲ್ಲ, ಇವತ್ತಿನ ಮಾತಿಗೆಂದು ನಾನೇ ಕಟ್ಟಿದ್ದು. ಆದರೂ ಬನಶಂಕರಿ ಕಡೆಯವರು ಯಾರಾದರೂ ಇಲ್ಲಿದ್ದರೆ ಮನಸ್ಸಿನಲ್ಲೇ ಗಾಡಿ ಹೊರಡಿಸಿಬಿಟ್ಟಿರುತ್ತೀರಿ. ಮೊದಲು ಬಡಾವಣೆ, ಆಮೇಲೆ ಮೇನು, ಮೇನಿನಲ್ಲಿ ಹೋಗುತ್ತಾ ಕ್ರಾಸು ಎಣಿಸುವುದು, ಗುಡಿ ಕಂಡ ಮೇಲೆ ಅಂಗಡಿಯವರನ್ನು ಕೇಳುವುದು. ನಾವು ವಿಳಾಸ ಬರೆಯುವುದು ಮನೆ ನಂಬರಿನಿಂದ, ಹುಡುಕುವುದು ಬಾಲದಿಂದ.

ಇಂಥ ವಿಳಾಸಗಳು ಎಕ್ಸೆಲ್ ಶೀಟಿನಲ್ಲಿ ಸಾವಿರಗಟ್ಟಲೆ ಇವೆ, ಪ್ರತಿಯೊಂದರ ಮುಂದೆಯೂ ಅಕ್ಷಾಂಶ, ರೇಖಾಂಶ ಬರೆಯಬೇಕು. ಈ ಕೆಲಸಕ್ಕೆ ಜಿಯೋಕೋಡಿಂಗ್ ಎನ್ನುತ್ತಾರೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಿಗೆ ಇದು ಹತ್ತು ಸಾಲಿನ ಕೋಡು. ಪಾಂಡಾಸ್ ಎಂಬ ಲೈಬ್ರರಿಯಲ್ಲಿ (ಲೈಬ್ರರಿ ಎಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು) ಶೀಟನ್ನು ಓದಿಸುತ್ತೀರಿ, ಜಿಯೋಪೈ ಎಂಬ ಲೈಬ್ರರಿಯಿಂದ ಒಂದು ನಕ್ಷೆಯ ಸೇವೆಗೆ ವಿಳಾಸ ಕಳಿಸುತ್ತೀರಿ, ಬಂದ ಎರಡು ಸಂಖ್ಯೆಗಳನ್ನು ಎರಡು ಕಾಲಮ್ಮಿಗೆ ತುಂಬುತ್ತೀರಿ. ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಯುತ್ತದೆ. ನಾನೂ ಹಾಗೆಯೇ ಮುಗಿಸಿದ್ದೆ.

ನಾನು ಬಿಡುವಿನಲ್ಲಿ ಕೈಜೋಡಿಸುವ ತಂಡವೊಂದಿದೆ. ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವವರು. ಬೆಳಗ್ಗೆ ಪ್ರತಿ ಸಿಸ್ಟರ್ ಕೈಗೂ ಆ ದಿನದ ಮನೆಗಳ ಪಟ್ಟಿ ಬರುತ್ತದೆ. ಯಾವ ಮನೆ ಮೊದಲು, ಯಾವುದು ಆಮೇಲೆ ಎಂದು ನಕ್ಷೆ ನೋಡಿ ಜೋಡಿಸಿದರೆ ದಿನಕ್ಕೆ ಒಂದು ಮನೆ ಹೆಚ್ಚು ನೋಡಬಹುದು ಎಂಬುದು ನಮ್ಮ ಆಸೆ. ನಾನು ಕೋಡ್ ಬರೆದೆ. ವಿಳಾಸಗಳಲ್ಲಿ ಕಸ ಬಹಳ ಇತ್ತು. ಅಲ್ಲೊಂದು ಚುಕ್ಕೆ, ಇಲ್ಲೊಂದು ಒಂಟಿ ಅಕ್ಷರ. ಒಂಟಿಯಾಗಿ ನಿಂತ ಅಕ್ಷರಗಳನ್ನೆಲ್ಲ ತೆಗೆದುಹಾಕು ಎಂದು ಒಂದು ಸಾಲು ಸೇರಿಸಿದೆ. ಶೀಟು ಚೊಕ್ಕಟವಾಯಿತು.

ಆ ಒಂದು ಸಾಲು "ಜಯನಗರ 4ನೇ ಟಿ ಬ್ಲಾಕ್" ಎಂಬುದರಿಂದ "ಟಿ"ಯನ್ನು ಕಿತ್ತು ಎಸೆದಿತ್ತು. ಜಯನಗರದವರಿಗೆ ಗೊತ್ತು, 4ನೇ ಬ್ಲಾಕ್ ಬೇರೆ, 4ನೇ ಟಿ ಬ್ಲಾಕ್ ಬೇರೆ. ಎರಡರಲ್ಲೂ ಕ್ರಾಸುಗಳಿವೆ, ಎರಡರಲ್ಲೂ ಮೇನುಗಳಿವೆ. ಸಿಸ್ಟರ್ ಬ್ಯಾಗು ಹೊತ್ತು 4ನೇ ಬ್ಲಾಕಿನಲ್ಲಿ ಇಳಿದರು. ನಕ್ಷೆಯ ಬಿಂದು ಒಂದು ಬಟ್ಟೆ ಅಂಗಡಿಯ ಮುಂದೆ ನಿಂತಿತ್ತು. ಅತ್ತ ಕ್ಯಾತಿಟರ್, ಅಂದರೆ ಮೂತ್ರದ ಕೊಳವೆ, ಬದಲಿಸಬೇಕಿದ್ದ ಅಜ್ಜಿಯೊಬ್ಬರು ಬೆಳಗಿನಿಂದ ಕಾಯುತ್ತಿದ್ದರು. ಫೋನ್ ಮಾಡಿ, ಕೇಳಿಕೊಂಡು, ಆಟೊ ಹಿಡಿದು ಸಿಸ್ಟರ್ ತಲುಪುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಬಿಂದು ಇಲ್ಲದೆ ಬರೀ ವಿಳಾಸ ಕೊಟ್ಟಿದ್ದರೆ ಸಿಸ್ಟರ್ ನೆಟ್ಟಗೆ ಹೋಗುತ್ತಿದ್ದರು, ಅವರಿಗೆ ಊರು ಗೊತ್ತು. ಬಿಂದು ಕೊಟ್ಟು ನಾನು ಅವರ ತಿಳಿವಳಿಕೆಯನ್ನು ಪಕ್ಕಕ್ಕೆ ತಳ್ಳಿದ್ದೆ.

ಅಂದಿನಿಂದ ನಾನು ಒಂದು ವಿಷಯದಲ್ಲಿ ಬಹಳ ಗಟ್ಟಿಯಾಗಿದ್ದೇನೆ. ಖಾಲಿ ಕೋಶದಿಂದ ಯಾರೂ ದಾರಿ ತಪ್ಪುವುದಿಲ್ಲ, ತಪ್ಪು ಬಿಂದುವಿನಿಂದ ತಪ್ಪುತ್ತಾರೆ. ಆದ್ದರಿಂದ ಶೀಟಿನಲ್ಲಿ ಬರೆಯುವ ಪ್ರತಿ ಬಿಂದುವಿನ ಪಕ್ಕದಲ್ಲೂ ಅದು ಎಷ್ಟು ಖಚಿತ ಎಂಬುದೂ ಇರಬೇಕು. ಇವತ್ತಿನ ಮಾತೆಲ್ಲ ಅದನ್ನು ಬರೆಯುವುದು ಹೇಗೆ ಎಂಬುದರ ಬಗ್ಗೆಯೇ.

ಸಂಖ್ಯೆಗಳು ನಮ್ಮನ್ನು ಹೇಗೆ ಮರುಳು ಮಾಡುತ್ತವೆ ನೋಡಿ. ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 111 ಕಿಲೋಮೀಟರ್. ನಮ್ಮ ಊರಿನ ಮಟ್ಟದಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 108. ದಶಮಾಂಶದ ಆಚೆ ನಾಲ್ಕು ಅಂಕೆಗಳಿದ್ದರೆ ಹನ್ನೊಂದು ಮೀಟರಿನ ಲೆಕ್ಕ, ಐದಿದ್ದರೆ ಒಂದು ಮೀಟರಿನ ಲೆಕ್ಕ. ನಕ್ಷೆಯ ಸೇವೆ ಏಳು ಅಂಕೆ ಕೊಡುತ್ತದೆ, ಅಂದರೆ ಒಂದೆರಡು ಸೆಂಟಿಮೀಟರ್. ಅದನ್ನು ನೋಡಿದರೆ ಹೊಸ್ತಿಲ ಮೇಲೆ ಬೆರಳಿಟ್ಟು ತೋರಿಸಿದಂತೆ ಅನಿಸುತ್ತದೆ. ನಿಜವಾಗಿ ಅದು ಇಡೀ ಬಡಾವಣೆಯ ನಟ್ಟನಡುವಿನ ಬಿಂದು ಇರಬಹುದು. ಬೆಂಗಳೂರಿಗೆಂದು ಸಾಮಾನ್ಯವಾಗಿ ಬಳಸುವ ಬಿಂದು 12.9716, 77.5946. ಅದು ಬೀಳುವುದು ಕಬ್ಬನ್ ಪಾರ್ಕಿನ ಆಸುಪಾಸಿನಲ್ಲಿ. ವಿಳಾಸದಲ್ಲಿ "ಬೆಂಗಳೂರು" ಒಂದು ಬಿಟ್ಟು ಬೇರೇನೂ ಅರ್ಥವಾಗದಿದ್ದರೆ ಕೆಲವು ಸೇವೆಗಳು ಇಂಥ ನಡು ಬಿಂದುವನ್ನೇ ಕೊಟ್ಟುಬಿಡುತ್ತವೆ. ನಿಮ್ಮ ನಕ್ಷೆಯಲ್ಲಿ ಕಬ್ಬನ್ ಪಾರ್ಕಿನ ಬಳಿ ನಲವತ್ತು ಮನೆಗಳು ಒಂದರ ಮೇಲೊಂದು ಕೂತಿದ್ದರೆ, ಅವು ನಲವತ್ತು ಅರ್ಥವಾಗದ ವಿಳಾಸಗಳು.

ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಮೈಸೂರು ಸೀಮೆಯ ಅಳತೆಗೆಂದು ಇದೇ ಬೆಂಗಳೂರಿನ ನೆಲದ ಮೇಲೆ ಒಂದು ಆಧಾರ ರೇಖೆ ಅಳೆದರು. ನೂರು ಅಡಿಯ ಉಕ್ಕಿನ ಸರಪಳಿಯಲ್ಲಿ ಏಳು ಮೈಲಿಗೂ ಹೆಚ್ಚು, ಸುಮಾರು 12 ಕಿಲೋಮೀಟರ್. ಬಿಸಿಲಿಗೆ ಸರಪಳಿ ಹಿಗ್ಗುತ್ತದಲ್ಲ, ಅದಕ್ಕಾಗಿ ಥರ್ಮಾಮೀಟರ್ ಇಟ್ಟು ಉಷ್ಣತೆ ಬರೆದುಕೊಂಡು ಅಳತೆಯನ್ನು ತಿದ್ದುತ್ತಿದ್ದರು. ಅಳತೆಯ ಜೊತೆಗೆ ಅದರಲ್ಲಿ ಎಷ್ಟು ತಪ್ಪಿರಬಹುದು ಎಂಬುದನ್ನೂ ಬರೆದಿಡುವ ಶ್ರದ್ಧೆ ಅದು. ಇನ್ನೂರಕ್ಕೂ ಹೆಚ್ಚು ವರ್ಷದ ಹಿಂದೆ ಈ ಮಣ್ಣಿನಲ್ಲೇ ನಡೆದ ಕೆಲಸ ಎಂದು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಈಗ ಶೀಟು ತೆರೆಯೋಣ. ವಿಳಾಸವನ್ನು ಇಡಿಯಾಗಿ ಸೇವೆಗೆ ಕಳಿಸಬೇಡಿ, ಮೊದಲು ಬಿಡಿಸಿ. ಮನೆ ನಂಬರು, ಕ್ರಾಸು, ಮೇನು, ಬ್ಲಾಕು ಅಥವಾ ಹಂತ, ಬಡಾವಣೆ, ಪಿನ್, ಗುರುತು, ಎಲ್ಲಕ್ಕೂ ಬೇರೆ ಬೇರೆ ಕಾಲಮ್. ಮೂಲ ವಿಳಾಸದ ಕಾಲಮ್ಮನ್ನು ಮಾತ್ರ ಯಾವತ್ತೂ ಮುಟ್ಟಬೇಡಿ. ನಾನು ಕಿತ್ತೆಸೆದ "ಟಿ" ವಾಪಸ್ ಸಿಕ್ಕಿದ್ದು ಮೂಲ ಶೀಟಿನ ಪ್ರತಿ ಉಳಿದಿದ್ದರಿಂದ.

ಕನ್ನಡದಲ್ಲಿ ಬರೆದ ವಿಳಾಸಗಳಿದ್ದರೆ ಕೆಲಸ ಸ್ವಲ್ಪ ಹೆಚ್ಚು. ಹಳೆಯ ಕಡತಗಳಲ್ಲಿ ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಸಿಗುತ್ತದೆ. ಫಾಂಟ್ ತೆಗೆದರೆ ಕನ್ನಡ ಮಾಯವಾಗಿ ವಿಚಿತ್ರ ಚಿಹ್ನೆಗಳು ಉಳಿಯುತ್ತವೆ. ಅದನ್ನು ಮೊದಲು ಯುನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರುಗಳೂ ಓದುವ ಅಕ್ಷರ ಸಂಕೇತಕ್ಕೆ, ತರಬೇಕು. ಯುನಿಕೋಡಿನಲ್ಲಿದ್ದರೂ ಕಣ್ಣಿಗೆ ಕಾಣದ ತೊಡಕುಗಳಿವೆ. "ರಾಜ್‌ಕುಮಾರ್" ಎಂದು ಬರೆಯುವಾಗ ಜಕಾರಕ್ಕೆ ಕಕಾರ ಒತ್ತಾಗದಿರಲೆಂದು ನಡುವೆ ಒಂದು ಕಾಣದ ಅಕ್ಷರ ಹಾಕುತ್ತೇವಲ್ಲ, ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ನಮಗೆ ಅದೇ ರಸ್ತೆ, ಕಂಪ್ಯೂಟರಿಗೆ ಎರಡು ರಸ್ತೆ. ಹೋಲಿಸುವ ಮುಂಚೆ ಆ ಕಾಣದ ಅಕ್ಷರಗಳನ್ನು ತೆಗೆದು, ಒಂದೇ ಅಕ್ಷರವನ್ನು ಎಲ್ಲ ಕಡೆ ಒಂದೇ ರೀತಿ ಬರೆಯುವ ಯುನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಅಂಕೆಗಳೂ ಅಷ್ಟೇ. ೩ ಎಂದು ಬರೆದದ್ದನ್ನು ಪೈಥಾನ್ ಪೂರ್ಣಾಂಕವಾಗಿ ಓದಬಲ್ಲದು, ಆದರೆ ಅಕ್ಷರವಾಗಿ ಹೋಲಿಸಿದರೆ ೩ ಮತ್ತು 3 ಬೇರೆಯೇ. ಎಲ್ಲವನ್ನೂ ಒಂದೇ ಬಗೆಯ ಅಂಕೆಗೆ ತನ್ನಿ. ರೋಮನ್ ಅಂಕೆಯಲ್ಲಿ ಬರೆದ ಕ್ರಾಸುಗಳೂ ಬರುತ್ತವೆ, ಕ್ರಾಸ್ ಎಂಬುದಕ್ಕೆ ಬರೀ ಇಂಗ್ಲಿಷಿನ ಎಕ್ಸ್ ಹಾಕಿದವರೂ ಇರುತ್ತಾರೆ. ಆ ಒಂಟಿ ಎಕ್ಸ್ ಕಸವಲ್ಲ, ಅದೇ ಇಡೀ ಕ್ರಾಸು. ನಾನು "ಟಿ"ಗೆ ಮಾಡಿದ್ದನ್ನು ನೀವು ಎಕ್ಸ್‌ಗೆ ಮಾಡಬೇಡಿ.

"ಬೆಂಗಳೂರು-70" ಎಂಬುದಕ್ಕೆ ಬರುತ್ತೇನೆ. ಆರು ಅಂಕೆಯ ಪಿನ್ ಕೋಡ್ ದೇಶಕ್ಕೆ ಬಂದದ್ದು 1972ರ ಆಗಸ್ಟ್ 15ರಂದು. ನಮ್ಮ ಹಿರಿಯರು ಇವತ್ತಿಗೂ ಬರೆಯುವುದು ಕೊನೆಯ ಅಂಕೆಗಳನ್ನಷ್ಟೇ. ಬೆಂಗಳೂರು-3 ಎಂದರೆ ಮಲ್ಲೇಶ್ವರ, 560003. ಬೆಂಗಳೂರು-4 ಎಂದರೆ ನಾವೀಗ ಕೂತಿರುವ ಬಸವನಗುಡಿ, 560004. ಬೆಂಗಳೂರು-11 ಜಯನಗರ. ಕೋಡಿನಲ್ಲಿ ಒಂದು ನಿಯಮ ಬರೆದರೆ ಸಾಕು. ಊರಿನ ಹೆಸರಾದ ಮೇಲೆ ಗೆರೆ ಎಳೆದು ಒಂದೋ ಎರಡೋ ಅಂಕೆ ಇದ್ದರೆ, ಎಡಕ್ಕೆ ಸೊನ್ನೆ ತುಂಬಿ ಮೂರಂಕೆ ಮಾಡಿ ಮುಂದೆ 560 ಸೇರಿಸು. ನಮ್ಮ ಶೀಟಿನಲ್ಲಿ ಪಿನ್ ಇಲ್ಲವೆಂದುಕೊಂಡಿದ್ದ ಎಷ್ಟೋ ಸಾಲುಗಳಿಗೆ ಪಿನ್ ಸಿಕ್ಕಿದ್ದು ಹೀಗೆ. ಊರಿನ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಬೆಂಗಳೂರು ಆಯಿತು, ಶೀಟಿನಲ್ಲಿ ಬ್ಯಾಂಗಲೋರ್ ಕೂಡ ಇರುತ್ತದೆ, ಎರಡನ್ನೂ ಒಂದು ಮಾಡಿಕೊಳ್ಳಿ. ರಸ್ತೆಗಳಿಗೂ ಹಾಗೆಯೇ ಒಂದು ಪುಟ್ಟ ನಿಘಂಟು ಬೇಕು. ರೆಸಿಡೆನ್ಸಿ ರಸ್ತೆಯೇ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆ. ಮೆಜೆಸ್ಟಿಕ್ ಎಂದು ಜನ ಬರೆಯುತ್ತಾರೆ, ನಕ್ಷೆಯಲ್ಲಿ ಕೆಂಪೇಗೌಡ ಬಸ್ ನಿಲ್ದಾಣ ಇರುತ್ತದೆ. ಬಿಟಿಎಂ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಈ ನಿಘಂಟನ್ನು ಯಾವ ಲೈಬ್ರರಿಯೂ ಕೊಡುವುದಿಲ್ಲ. ನಮ್ಮ ತಂಡದ ಸಿಸ್ಟರ್‌ಗಳು, ಡ್ರೈವರ್‌ಗಳು ಕೂತು ಬರೆಸಿದ ನಿಘಂಟು ನನ್ನ ಕೋಡಿಗಿಂತ ಹೆಚ್ಚು ಕೆಲಸ ಮಾಡಿದೆ.

"ಗಣೇಶನ ಗುಡಿ ಹಿಂದೆ" ಎಂಬುದನ್ನು ಸೇವೆಗೆ ಕಳಿಸಬೇಡಿ. ಊರಿನಲ್ಲಿ ಗಣೇಶನ ಗುಡಿಗಳಿಗೇನು ಬರವೇ? ಯಾವುದೋ ಗುಡಿಯನ್ನು ಹಿಡಿದುಬಿಡುತ್ತದೆ. ಆದರೆ ಎಸೆಯಲೂ ಬೇಡಿ. ಬೇರೆ ಕಾಲಮ್ಮಿನಲ್ಲಿಡಿ, ರಸ್ತೆಯ ತುದಿಯಲ್ಲಿ ನಿಂತ ಸಿಸ್ಟರ್‌ಗೆ ಬಾಗಿಲು ಸಿಗುವುದು ಅದರಿಂದಲೇ.

ಇನ್ನು ಕೇಳುವುದು ಯಾರನ್ನು? 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾಗಿ ಈಗ ಲೋಕದ ಜನರೆಲ್ಲ ಸೇರಿ ಬರೆಯುತ್ತಿರುವ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. ಅದರಲ್ಲಿ ವಿಳಾಸ ಹುಡುಕುವ ತಂತ್ರಾಂಶ ನಾಮಿನಾಟಿಮ್. ಅದರ ಸಾರ್ವಜನಿಕ ಸರ್ವರನ್ನು ಎಲ್ಲರೂ ಹಂಚಿಕೊಂಡು ಬಳಸುತ್ತಾರೆ. ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಪ್ರಶ್ನೆ ಕೇಳಬಾರದು, ನಮ್ಮ ಪ್ರೋಗ್ರಾಮಿನ ಗುರುತು ಹೇಳಬೇಕು, ಒಮ್ಮೆ ಬಂದ ಉತ್ತರವನ್ನು ನಾವೇ ಇಟ್ಟುಕೊಂಡು ಮತ್ತೆ ಕೇಳದಿರಬೇಕು. ಜಿಯೋಪೈಯಲ್ಲಿ ರೇಟ್‌ಲಿಮಿಟರ್ ಎಂಬುದಿದೆ, ಒಂದು ಸೆಕೆಂಡ್ ಅಂತರ ಇಡು ಎಂದರೆ ಇಡುತ್ತದೆ. ಗಂಟೆಗೆ 3,600 ಪ್ರಶ್ನೆ ಎಂದಾಯಿತು, ಅದರೊಳಗೇ ನಮ್ಮ ಲೆಕ್ಕ. ಒಂದೇ ವಿಳಾಸ ಹತ್ತು ಸಾಲಿನಲ್ಲಿದ್ದರೆ ಒಂದೇ ಸಲ ಕೇಳಿ. ಪ್ರತಿ ಉತ್ತರವನ್ನೂ ಬಂದ ಕೂಡಲೇ ಎಸ್‌ಕ್ಯುಲೈಟ್ ಎಂಬ ಪುಟ್ಟ ಡೇಟಾಬೇಸ್ ಫೈಲಿಗೆ ಬರೆದುಬಿಡಿ, ನಡುವೆ ಕರೆಂಟ್ ಹೋದರೂ ಮಾಡಿದ ಕೆಲಸ ಉಳಿಯುತ್ತದೆ. ಹುಡುಕಾಟವನ್ನು ಬೆಂಗಳೂರಿನ ಚೌಕದೊಳಗೆ ಕಟ್ಟಿಹಾಕುವ ಆಯ್ಕೆಯೂ ಇದೆ, ಬಳಸಿ. ಗಾಂಧಿನಗರ ಯಾವ ಊರಿನಲ್ಲಿಲ್ಲ ಹೇಳಿ?

ಗೂಗಲ್‌ನ ಸೇವೆ ತನ್ನ ಉತ್ತರ ಎಂಥದ್ದು ಎಂದು ತಾನೇ ಹೇಳುತ್ತದೆ. ರೂಫ್‌ಟಾಪ್ ಎಂದರೆ ಆ ಕಟ್ಟಡವೇ. ರೇಂಜ್ ಇಂಟರ್‌ಪೊಲೇಟೆಡ್ ಎಂದರೆ ಎರಡು ಗೊತ್ತಿರುವ ಬಿಂದುಗಳ ನಡುವೆ ಅಂದಾಜು ಮಾಡಿದ್ದು. ಜಿಯೊಮೆಟ್ರಿಕ್ ಸೆಂಟರ್ ಎಂದರೆ ರಸ್ತೆಯದೋ ಪ್ರದೇಶದ್ದೋ ನಡು. ಅಪ್ರಾಕ್ಸಿಮೇಟ್ ಎಂದರೆ ಸುಮಾರಾಗಿ ಇಲ್ಲೆಲ್ಲೋ. ವಿಳಾಸದ ಒಂದು ಭಾಗವಷ್ಟೇ ಹೊಂದಿದ್ದರೆ ಪಾರ್ಷಿಯಲ್ ಮ್ಯಾಚ್ ಎಂದು ಬೇರೆ ಗುರುತು ಬರುತ್ತದೆ. ಜನ ಅಕ್ಷಾಂಶ ರೇಖಾಂಶ ಮಾತ್ರ ತೆಗೆದುಕೊಂಡು ಇದನ್ನೆಲ್ಲ ಬಿಟ್ಟುಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಆ ಗುರುತಿಗೆ ಬಿಂದುವಿನಷ್ಟೇ ಬೆಲೆ.

ನಮ್ಮ ಊರಿನಲ್ಲಿ ಆ ನಡುವಿನ ಅಂದಾಜು ಯಾಕೆ ಕೈಕೊಡುತ್ತದೆ ಎಂದು ಹೇಳಬೇಕು. ಕೆಲವು ದೇಶಗಳಲ್ಲಿ ಮನೆ ನಂಬರು ರಸ್ತೆಗುಂಟ ಏರುತ್ತಾ ಹೋಗುತ್ತದೆ, ಒಂದು ಕಡೆ ಸರಿ, ಇನ್ನೊಂದು ಕಡೆ ಬೆಸ. 100 ಎಲ್ಲಿ, 200 ಎಲ್ಲಿ ಎಂದು ಗೊತ್ತಿದ್ದರೆ 150 ನಡುವೆ. ನಮ್ಮಲ್ಲಿ ನಂಬರು ಹುಟ್ಟುವುದು ಬಡಾವಣೆಯ ನಕ್ಷೆಯ ಸೈಟಿನಿಂದ. 1945ರಲ್ಲಿ ಬಂದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್, 1976ರಿಂದ ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಇವು ಬಡಾವಣೆಗಳನ್ನು ಮಾಡಿದಾಗ ಕೊಟ್ಟ ಸೈಟ್ ನಂಬರುಗಳೇ ಎಷ್ಟೋ ಕಡೆ ಮನೆಯ ನಂಬರುಗಳಾದವು. ಸೈಟು ಅಣ್ಣತಮ್ಮಂದಿರ ನಡುವೆ ಭಾಗವಾದರೆ 127 ಹೋಗಿ 127/1, 127/2 ಆಗುತ್ತದೆ. ಹೊಲಗಳನ್ನೇ ಸೈಟು ಮಾಡಿ ಮಾರಿದ ರೆವಿನ್ಯೂ ಬಡಾವಣೆಗಳಲ್ಲಿ ಇನ್ನೂ ಹೊಲದ ಸರ್ವೆ ನಂಬರೇ ಓಡುತ್ತಿರುತ್ತದೆ. ಇದರ ಮೇಲೆ ಹಳೇ ನಂಬರು, ಹೊಸ ನಂಬರು. ಹೀಗಾಗಿ ಮನೆ ನಂಬರು ಇಟ್ಟುಕೊಂಡು ರಸ್ತೆಯಲ್ಲಿ ಜಾಗ ಅಂದಾಜು ಮಾಡುವ ಕೋಡು ನಮ್ಮಲ್ಲಿ ಬರೀ ಊಹೆ.

ಆದರೆ ನಮ್ಮ ವಿಳಾಸಕ್ಕೆ ಬೇರೆ ಎಷ್ಟೋ ಕಡೆಯ ವಿಳಾಸಗಳಿಗಿಲ್ಲದ ಒಂದು ಗುಣವಿದೆ. ಅದು ಎರಡು ರಸ್ತೆ ಹೇಳುತ್ತದೆ! 3ನೇ ಕ್ರಾಸ್, 7ನೇ ಮೇನ್. ಎರಡು ಗೆರೆ ಕೂಡಿದರೆ ಒಂದು ಬಿಂದು. ಬಹುತೇಕ ಸೇವೆಗಳು ವಿಳಾಸಕ್ಕೆ ಒಂದೇ ರಸ್ತೆ ಎಂದುಕೊಂಡಿರುತ್ತವೆ, ಎರಡನೆಯದನ್ನು ಗಮನಿಸುವುದಿಲ್ಲ. ಆದ್ದರಿಂದ ನಾವೇ ಮಾಡಿಕೊಳ್ಳಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಬೆಂಗಳೂರಿನ ರಸ್ತೆಗಳನ್ನು ಗೆರೆಗಳಾಗಿ ಇಳಿಸಿಕೊಳ್ಳಿ. ಬನಶಂಕರಿ 2ನೇ ಹಂತದ ಸುತ್ತ ಒಂದು ಗಡಿ ಎಳೆಯಿರಿ, ಕೈಯಲ್ಲೇ ಎಳೆದರೂ ಸರಿ. ಅದರೊಳಗೆ 3ನೇ ಕ್ರಾಸ್ ಎಂಬ ಹೆಸರಿನ ಗೆರೆಗಳು, 7ನೇ ಮೇನ್ ಎಂಬ ಹೆಸರಿನ ಗೆರೆಗಳು, ಇವನ್ನು ಹೆಕ್ಕಿ, ಗೆರೆ, ಬಿಂದುಗಳ ಲೆಕ್ಕ ಮಾಡುವ ಶೇಪ್ಲಿ ಲೈಬ್ರರಿಯಲ್ಲಿ ಅವು ಎಲ್ಲಿ ಕೂಡುತ್ತವೆ ಎಂದು ಕೇಳಿ. ಒಂದೇ ಬಿಂದು ಬಂದರೆ ಅದು ಆ ಮನೆಯ ಹತ್ತಿರದ ರಸ್ತೆಮೂಲೆ. ಎರಡು ಮೂರು ಬಿಂದು ಬಂದರೆ ಯಾವುದನ್ನೂ ಆರಿಸಬೇಡಿ, ಕೈಯಲ್ಲಿ ನೋಡಬೇಕಾದ ಪಟ್ಟಿಗೆ ಹಾಕಿ. ನಡುವೆ ಪಾರ್ಕು ಬಂದು ರಸ್ತೆ ತುಂಡಾಗಿದ್ದರೆ ಗೆರೆಗಳು ಕೂಡುವುದೇ ಇಲ್ಲ. ಆಗ ಮೂವತ್ತು ನಲವತ್ತು ಮೀಟರಿನೊಳಗೆ ಹತ್ತಿರ ಬರುತ್ತವೆಯೇ ನೋಡಿ. ಮೀಟರಿನ ಲೆಕ್ಕ ಮಾಡುವ ಮುಂಚೆ ಡಿಗ್ರಿಯಿಂದ, ಜಾಗವನ್ನು ಮೀಟರಿನಲ್ಲಿ ಹೇಳುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ ಬದಲಿಸಿಕೊಳ್ಳಿ, ಅದರ ಸಂಕೇತ ಇಪಿಎಸ್‌ಜಿ 32643. ಬೆಂಗಳೂರು ಆ ವಲಯದಲ್ಲಿ ಬರುತ್ತದೆ. ಗಡಿ ಎಳೆಯದೆ ಇಡೀ ಊರಿನಲ್ಲಿ ಹುಡುಕಿದರೆ 3ನೇ ಕ್ರಾಸುಗಳ ಸಂತೆಯೇ ಸಿಗುತ್ತದೆ. ಬಡಾವಣೆ ಮೊದಲು, ಮೇನು ಆಮೇಲೆ, ಕ್ರಾಸು ಕೊನೆಗೆ. ಆಟೊ ಡ್ರೈವರ್ ಹುಡುಕುವ ಕ್ರಮವೇ ಇದು, ಕೋಡಿನಲ್ಲಿ ಬರೆದಿದ್ದೇವೆ ಅಷ್ಟೇ.

ಅದೂ ಸಿಗದಿದ್ದರೆ ಮೆಟ್ಟಿಲು ಇಳಿಯಿರಿ. ಮೂಲೆ ಸಿಗಲಿಲ್ಲವೇ, ರಸ್ತೆ. ರಸ್ತೆ ಸಿಗಲಿಲ್ಲವೇ, ಬ್ಲಾಕು. ಕೊನೆಗೆ ಪಿನ್. ಯಾವ ಮೆಟ್ಟಿಲಲ್ಲಿ ನಿಂತಿರಿ ಎಂಬುದನ್ನು ಬಿಂದುವಿನ ಪಕ್ಕದಲ್ಲೇ ಬರೆಯಿರಿ. ನಮ್ಮ ಶೀಟಿನಲ್ಲಿ ಆ ಕಾಲಮ್ಮಿಗೆ "ಭರವಸೆ" ಎಂದು ಹೆಸರು. ಬಾಗಿಲು, ಮೂಲೆ, ರಸ್ತೆ, ಬ್ಲಾಕು, ಪಿನ್, ಇಲ್ಲ ಎಂಬ ಆರು ಪದಗಳಲ್ಲಿ ಒಂದು ಅಲ್ಲಿರುತ್ತದೆ. ಸಿಸ್ಟರ್ ಫೋನಿನಲ್ಲಿ ಬಿಂದು ತೋರಿಸುವುದು ಬಾಗಿಲು ಅಥವಾ ಮೂಲೆ ಇದ್ದರೆ ಮಾತ್ರ. ಉಳಿದವಕ್ಕೆ ವಿಳಾಸ ಮತ್ತು ಮನೆಯವರ ಫೋನ್ ನಂಬರು.

ಪರಿಶೀಲನೆಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಅಕ್ಷಾಂಶ 12.7ರಿಂದ 13.2, ರೇಖಾಂಶ 77.3ರಿಂದ 77.9, ಇದರ ಹೊರಗೆ ಬಿದ್ದ ಬಿಂದುವಿದ್ದರೆ ಮೊದಲು ನೋಡಿ. ಎರಡು ಸಂಖ್ಯೆ ಅದಲುಬದಲಾಗಿರುವುದು ಬಹಳ ಸಾಮಾನ್ಯ. ನಕ್ಷೆಯ ಬಿಂದುಗಳನ್ನು ಬರೆದಿಡುವ ಜಿಯೋಜೇಸನ್ ಫೈಲಿನಲ್ಲಿ ರೇಖಾಂಶ ಮೊದಲು ಬರುತ್ತದೆ, ನಾವು ಬಾಯಲ್ಲಿ ಹೇಳುವುದು ಅಕ್ಷಾಂಶ ಮೊದಲು. ಬೆಂಗಳೂರನ್ನು ಅದಲುಬದಲು ಮಾಡಿದರೆ ಉತ್ತರ ಧ್ರುವದ ಕಡೆ, ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಹಿಮದ ಕಡಲಿಗೆ ಹೋಗುತ್ತದೆ. ಒಂದೇ ಬಿಂದು ಬೇರೆ ಬೇರೆ ವಿಳಾಸಗಳಿಗೆ ಬಂದಿದ್ದರೆ ಅವುಗಳ ಭರವಸೆ ಇಳಿಸಿ. ಬಿಂದುವಿನಿಂದ ವಿಳಾಸಕ್ಕೆ ಉಲ್ಟಾ ಕೇಳಿ, ಬಂದ ಪಿನ್ನೂ ನಿಮ್ಮ ಪಿನ್ನೂ ಬೇರೆಯಾದರೆ ಪಕ್ಕಕ್ಕಿಡಿ. ಕೊನೆಗೆ ಐವತ್ತು ಸಾಲು ಚೀಟಿ ಎತ್ತಿದಂತೆ ಆರಿಸಿ, ಊರು ಬಲ್ಲವರ ಜೊತೆ ಕೂತು ಒಂದೊಂದಾಗಿ ನೋಡಿ. ಇದನ್ನು ಮಾತ್ರ ತಪ್ಪಿಸಬೇಡಿ.

ಇನ್ನೊಂದು ಮಾತು, ಇದು ನನಗೆ ತುಂಬ ಮುಖ್ಯ. ವಿಳಾಸದ ಪಟ್ಟಿ ಬರೀ ಪಟ್ಟಿಯಲ್ಲ. ಹಾಸಿಗೆ ಹಿಡಿದವರ ಪಟ್ಟಿ ಎಂದು ಗೊತ್ತಾದರೆ ಪ್ರತಿ ಸಾಲೂ ಒಬ್ಬರ ಕಾಯಿಲೆಯ ಸುದ್ದಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ, ಅದು ಇಲ್ಲದಿದ್ದರೂ ನಮಗೆ ಮರ್ಯಾದೆ ಎಂಬುದಿದೆ. ಹೆಸರು, ಕಾಯಿಲೆ, ಫೋನ್ ನಂಬರು ಇರುವ ಶೀಟನ್ನು ಹೊರಗಿನ ಸರ್ವರಿಗೆ ಕಳಿಸುವ ಕೋಡಿನ ಹತ್ತಿರವೂ ಬಿಡಬೇಡಿ. ನಾವು ಈಗ ದಕ್ಷಿಣ ಭಾರತದ ಓಪನ್‌ಸ್ಟ್ರೀಟ್‌ಮ್ಯಾಪ್ ಭಾಗವನ್ನು ಇಳಿಸಿಕೊಂಡು, ನಮ್ಮದೇ ಕಂಪ್ಯೂಟರಿನಲ್ಲಿ ನಾಮಿನಾಟಿಮ್ ನಡೆಸುತ್ತೇವೆ. ವಿಳಾಸ ಕೋಣೆಯಿಂದ ಆಚೆ ಹೋಗುವುದೇ ಇಲ್ಲ, ಸೆಕೆಂಡಿಗೆ ಒಂದೇ ಎಂಬ ಕಟ್ಟೂ ಇಲ್ಲ.

ವಾರ್ಡ್ ನಂಬರನ್ನೂ ಹಾಕಬೇಕೇ ಎಂದು ಹಲವರು ಕೇಳುತ್ತಾರೆ. ಹಾಕಿ, ಆದರೆ ಬಿಂದುವಿನಿಂದ ಲೆಕ್ಕಮಾಡಿ ಹಾಕಿ. ಬಹುಕಾಲ ಈ ಊರಿಗೆ 198 ವಾರ್ಡುಗಳಿದ್ದವು. ಆಮೇಲೆ ಗಡಿಗಳು ಬದಲಾದವು, 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯಿತು. ಬಿಂದು ಸರಿಯಿದ್ದರೆ ಹೊಸ ಗಡಿಯ ಫೈಲ್ ಹಾಕಿ ಒಂದು ಸಲ ಓಡಿಸಿದರೆ ಮುಗಿಯಿತು. ಅದೇ ವರ್ಷ ಅಂಚೆ ಇಲಾಖೆ ಡಿಜಿಪಿನ್ ತಂದಿತು. ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರಿನ ಚೌಕಗಳಾಗಿ ಮಾಡಿ ಪ್ರತಿಯೊಂದಕ್ಕೂ ಹತ್ತು ಅಕ್ಷರದ ಗುರುತು. ಒಳ್ಳೆಯ ಕೆಲಸ. ಆದರೆ ಅದು ಅಕ್ಷಾಂಶ ರೇಖಾಂಶದಿಂದ ಹುಟ್ಟುವಂಥದ್ದು, ಬಿಂದು ತಪ್ಪಿದ್ದರೆ ಅದೂ ತಪ್ಪು.

ಹಾಗಾದರೆ "ಬಾಗಿಲು" ಎಂಬ ಪದ ಶೀಟಿಗೆ ಬರುವುದು ಎಲ್ಲಿಂದ? ಕೋಡಿನಿಂದ ಬಹಳ ಕಡಿಮೆ. ಮೊದಲ ಸಲ ಮನೆಗೆ ಹೋದ ಸಿಸ್ಟರ್ ಗೇಟಿನ ಹತ್ತಿರ ನಿಂತು, ಫೋನಿನ ನಕ್ಷೆಯಲ್ಲಿ ನೀಲಿ ಚುಕ್ಕೆಯ ಸುತ್ತಲಿನ ವೃತ್ತ ಚಿಕ್ಕದಾಗುವವರೆಗೆ ಅರ್ಧ ನಿಮಿಷ ಕಾದು, ಒಂದು ಗುಂಡಿ ಒತ್ತುತ್ತಾರೆ. ಮನೆಯೊಳಗೆ ಒತ್ತಬೇಡಿ ಎಂದು ಹೇಳಿದ್ದೇವೆ, ತಾರಸಿಯಡಿ ಜಿಪಿಎಸ್ ಅಲೆದಾಡುತ್ತದೆ. ಆ ಬಿಂದು ಬಂದ ದಿನ ಕೋಡು ಕೊಟ್ಟ ಬಿಂದು ಪಕ್ಕದ ಕಾಲಮ್ಮಿಗೆ ಸರಿಯುತ್ತದೆ. ಎರಡರ ನಡುವಿನ ದೂರವನ್ನು ಮೀಟರಿನಲ್ಲಿ ಬರೆದಿಡುತ್ತೇವೆ. ಎಲ್ಲಿ ದೂರ ಹೆಚ್ಚಿದೆಯೋ ಆ ಬಡಾವಣೆಯ ನಿಯಮಗಳನ್ನು ತಿಂಗಳಿಗೊಮ್ಮೆ ಕೂತು ತಿದ್ದುತ್ತೇವೆ. 4ನೇ ಟಿ ಬ್ಲಾಕಿನ ಆ ಅಜ್ಜಿಯ ಸಾಲಿನಲ್ಲಿ ಈಗ "ಬಾಗಿಲು" ಎಂದಿದೆ. ಅದರ ಮುಂದಿನ ಕೋಶದಲ್ಲಿ ಸಿಸ್ಟರ್ ತಮ್ಮ ಕೈಯಾರೆ ಸೇರಿಸಿದ್ದಾರೆ: "ಹಸಿರು ಗೇಟು, ಬೆಲ್ ಕೆಲಸ ಮಾಡಲ್ಲ, ಕೂಗಬೇಕು."